ಬಣ್ಣದ ಪರದೆಗೆ ಬಂದ ಕೊಬಾಲ್

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಶಿಕಾರಿಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಸೆಂಟರ್ ಎಂದರೆ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಅಂಗಡಿಯೂ ಸೆಂಟರೂ ಒಬ್ಬರದೇ. ಕೀಟನಾಶಕದ ವಾಸನೆಗೆ ಮೆಟ್ಟಿಲು ಹತ್ತಿ ಬರುವ ಚಾಳಿಯಿತ್ತು. ಸೊರಬದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನನಗೆ ಕೊಟ್ಟದ್ದು ಹೊಸಬರ ಬ್ಯಾಚು. ಕೊಬಾಲ್ ಮಾತ್ರ ನಮ್ಮ ಹಿರಿಯ ಮೇಷ್ಟ್ರದ್ದು.

ಕೊಬಾಲ್ ಬ್ಯಾಂಕು, ವ್ಯಾಪಾರಗಳ ಲೆಕ್ಕಕ್ಕೆಂದೇ ಮಾಡಿದ ಹಳೆಯ ಪ್ರೋಗ್ರಾಮಿಂಗ್ ಭಾಷೆ. ಭಾರೀ ಮಡಿವಂತ. ಸಾಲು ಇಂಥ ಜಾಗದಿಂದಲೇ ಶುರುವಾಗಬೇಕು, ಕೊನೆಯಲ್ಲಿ ಚುಕ್ಕಿ ಮರೆತರೆ ಕಥೆ ಮುಗಿಯಿತು. ಮೇಷ್ಟ್ರು ಮೊದಲು ಹಾಳೆಯ ಮೇಲೆ ಬರೆಸುತ್ತಿದ್ದರು. ಪೆನ್ಸಿಲ್ ಹಿಡಿದು ಓದುತ್ತ ಹೋದರೆ ಬಿಟ್ಟುಹೋದ ಚುಕ್ಕಿ ಅವರಿಂದ ತಪ್ಪಿಸಿಕೊಂಡದ್ದಿಲ್ಲ. ಆಮೇಲೆ ಹಳೆಯ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಟೈಪ್ ಮಾಡಿಸುವುದು.

ಒಂದು ಬೇಸಿಗೆಯಲ್ಲಿ ಯಜಮಾನರು ದಾವಣಗೆರೆಯಿಂದ ಬಣ್ಣದ ಮಾನಿಟರನ್ನೂ ಕೊಬಾಲ್ ಬರೆಯುವ ಹೊಸ ಸಾಫ್ಟ್‌ವೇರನ್ನೂ ತಂದರು. ಬರೆಯುವುದು, ತಪ್ಪು ಹುಡುಕುವುದು, ಓಡಿಸಿ ನೋಡುವುದು ಎಲ್ಲ ಅದರಲ್ಲೇ. ಸರಿಯಿದ್ದ ಸಾಲು ಹಸಿರಾಗಿ ಕಾಣುತ್ತಿತ್ತು, ತಪ್ಪಿದ್ದದ್ದು ಕೆಂಪಾಗಿ. ವಿದ್ಯಾರ್ಥಿಗಳಿಗೆ ಹಬ್ಬ. ಮೇಷ್ಟ್ರು ಮಾತ್ರ ಎಡವತೊಡಗಿದರು. ಕೆಂಪು ಸಾಲು ಕಣ್ಣೆದುರೇ ಇದ್ದರೂ ಮೇಲಿನಿಂದ ಒಂದೊಂದೇ ಸಾಲು ಓದುತ್ತ ಕೂರುವರು. ಯಾರಾದರೂ "ಕೆಂಪಿದೆಯಲ್ಲ ಸರ್" ಎಂದರೆ "ಹೌದ್ಹೌದು" ಎಂದು ಪಕ್ಕದ ಸಾಲನ್ನು ತಿದ್ದಲು ಹೋಗುವರು. ಹಿಂದೆ ಕಿಸಕ್ಕನೆ ನಗು.

ಸುದ್ದಿ ಕೆಳಗಿನ ಅಂಗಡಿಗೆ ಇಳಿಯಿತು. ಯಜಮಾನರು ನನ್ನೆದುರೇ ಕೇಳಿದರು: "ಏನ್ರೀ ಮೇಷ್ಟ್ರೇ, ಕಣ್ಮುಂದ ಕೆಂಪಗ ಕಾಣ್ತಿದ್ರೂ ನೋಡಂಗಿಲ್ಲ ಅಂದ್ರ ಹೆಂಗ? ಇದು ಬೇಜವಾಬ್ದಾರಿ. ಹಿಂಗ ಆದ್ರ ಮುಂದಿನ ಬ್ಯಾಚು ಬೇರೆಯವ್ರಿಗೆ ಕೊಡ್ತೀನಿ."

ಬೇರೆಯವರು ಎಂದರೆ ನಾನೇ, ಮತ್ತಾರೂ ಇರಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿ, "ಇನ್ಮೇಲೆ ಗಮನ ಕೊಡ್ತೀನ್ರೀ" ಎಂದರು. ಹಾಳೆಯ ಮೇಲೆ ಚುಕ್ಕಿ ಬಿಡದ ಮನುಷ್ಯನಿಗೆ ಗಮನವಿಲ್ಲ ಎಂಬುದನ್ನು ನಾನಂತೂ ಒಪ್ಪಲಿಲ್ಲ.

ಮಧ್ಯಾಹ್ನ ಕರೆಂಟು ಬಂದಾಗ ಅವರ ಪಕ್ಕ ಕೂತು, ಬೇಕೆಂದೇ ತಪ್ಪು ಮಾಡಿದ ಪ್ರೋಗ್ರಾಂ ತೆಗೆದು, ಇದರಲ್ಲಿ ಕೆಂಪು ಯಾವುದು ಎಂದು ಕೇಳಿದೆ. ಅವರ ಬೆರಳು ಒಂದು ಹಸಿರು ಸಾಲಿನ ಮೇಲೆ ನಿಂತಿತು. ನನ್ನ ಮುಖ ನೋಡಿ ಇನ್ನೊಂದು ಹಸಿರಿಗೆ ಸರಿಯಿತು.

"ಸರ್, ಕೆಲವರಿಗೆ ಕೆಂಪು, ಹಸಿರು ಒಂದೇ ಥರ ಕಾಣುತ್ತಂತೆ. ಹುಟ್ಟಿನಿಂದ್ಲೇ. ನಮ್ಮಣ್ಣನ ಜೊತೆ ರೈಲ್ವೆ ಕೆಲಸಕ್ಕೆ ಹೋಗಿದ್ದ ಒಬ್ರನ್ನ ಅದಕ್ಕೇ ವಾಪಸ್ ಕಳ್ಸಿದ್ರು."

ಅವರು ಪರದೆಯಿಂದ ಬೆರಳು ತೆಗೆದರು. ಆಮೇಲೆ ಹೇಳಿದ್ದು ಕಂಪ್ಯೂಟರಿನ ವಿಷಯವಲ್ಲ. ಅವರ ತಂದೆಯದು ಸೊರಬದಲ್ಲಿ ಅಡಿಕೆ ಮಂಡಿ. ಚೆನ್ನಾಗಿ ಕೆಂಪಾದ ಅಡಿಕೆಯನ್ನೂ ಬಣ್ಣ ಹಿಡಿಯದೆ ಕಂದಿದ್ದನ್ನೂ ಬೇರೆ ಮಾಡಲು ಇವರನ್ನು ಚಿಕ್ಕಂದಿನಲ್ಲಿ ಕೂರಿಸುತ್ತಿದ್ದರಂತೆ. ಪ್ರತಿ ಸಲವೂ ಎಲ್ಲ ಕಲಸಿಹೋಗುತ್ತಿತ್ತು. ಕೆಲಸಗಳ್ಳ ಎಂಬ ಹೆಸರು ಬಂತು, ಏಟುಗಳೂ ಬಿದ್ದವು. ಕೊನೆಗೆ ಮಂಡಿ ತಮ್ಮನ ಪಾಲಾಯಿತು, ಇವರು ಓದಲು ಹೋದರು. ಕಪ್ಪು-ಬಿಳುಪಿನ ಕೊಬಾಲ್ ಅವರನ್ನು ಒಂದು ದಿನವೂ ಬೈದಿರಲಿಲ್ಲ.

ಆ ಸಾಫ್ಟ್‌ವೇರಿನಲ್ಲಿ ಬಣ್ಣ ಬದಲಾಯಿಸಲು ಅವಕಾಶವಿತ್ತು. ತಪ್ಪಿನ ಸಾಲು ಬಿಳಿ ಪಟ್ಟಿಯ ಮೇಲೆ ಕಪ್ಪಾಗಿ ಕಾಣುವಂತೆ ಮಾಡಿದೆ. ಮೇಷ್ಟ್ರು ಒಂದೇ ನೋಟಕ್ಕೆ ಹಿಡಿದರು. ನನ್ನಿಂದ ವಿಷಯ ತಿಳಿದ ಯಜಮಾನರು ಬಂದು ನೋಡಿ, "ಇದನ್ನ ಮೊದ್ಲ ಹೇಳಬೇಕಿತ್ತಲ್ರೀ" ಎಂದು ಇಳಿದುಹೋದರು. ಬ್ಯಾಚು ಉಳಿಯಿತು. ಆದರೆ ಮೇಷ್ಟ್ರ ಮನಸ್ಸು ಅಲ್ಲಿರಲಿಲ್ಲ.

"ಸಂಜೆ ಅಪ್ಪನ ಹತ್ರ ಹೋಗ್ಬೇಕು. ನಾನೊಬ್ನೇ ಹೇಳಿದ್ರೆ ನೆಪ ಅಂತಾರೆ. ನೀವೂ ಬರ್ತೀರಾ?"

ಹೇಗೂ ನನ್ನ ಊರಿನ ಬಸ್ಸು. ದಾರಿಯುದ್ದಕ್ಕೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಮಂಡಿಯ ಗಾದಿಯ ಮೇಲೆ ಕೂತಿದ್ದ ತಂದೆಗೆ ವಯಸ್ಸಾಗಿತ್ತು, ದನಿ ಮಾತ್ರ ಗಟ್ಟಿ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ನಂಬಿದಂತೆ ಕಾಣಲಿಲ್ಲ. ಚೀಲದಿಂದ ಎರಡು ಅಡಿಕೆ ತೆಗೆದು ಮಗನ ಮುಂದಿಟ್ಟರು.

"ಏನೋ ವ್ಯತ್ಯಾಸ ಇದ್ರಲ್ಲಿ?"

ಮೇಷ್ಟ್ರು ಎರಡನ್ನೂ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಒಂದು ಸ್ವಲ್ಪ ದೊಡ್ಡದು."

ಮುದುಕರು ನನ್ನ ಕಡೆ ತಿರುಗಿದರು. ಒಂದು ಕೆಂಪು, ಇನ್ನೊಂದು ಕಂದು ಎಂದೆ. ಅವರು ಮಗನನ್ನೇ ನೋಡುತ್ತ ಕೂತರು. ಮಾತಾಡಿದಾಗ ದನಿ ಇಳಿದಿತ್ತು.

"ನಾನು ಹೊಡೆಯುವಾಗೆಲ್ಲ ನೀನು ಸುಮ್ನೆ ನಿಂತಿರ್ತಿದ್ದೆ. ಒಂದಿನಾನೂ ಎದುರು ಮಾತಾಡ್ಲಿಲ್ಲ. ಯಾಕೋ?"

"ತಪ್ಪು ನಂದೇ ಅಂದ್ಕೊಂಡಿದ್ದೆ, ಅಪ್ಪ."