ಶೇಷಮ್ಮ ಕೊಟ್ಟ ಮೊಸರು-ಸಕ್ಕರೆ

ನಮ್ಮ ಅತಿಥಿಗೃಹದ ಅಡುಗೆಮನೆಯಲ್ಲಿ ಹದಿನೇಳು ವರ್ಷ ರೊಟ್ಟಿ ಬಡಿದ ಶೇಷಮ್ಮ ನನ್ನ ಮಾತಿಗೆ ಎದುರಾಡದ ದಿನವೇ ಇರಲಿಲ್ಲ. ನಾನು ಅಲ್ಲಿ ಮೇಲ್ವಿಚಾರಕಿ. ಜೀವನ್ ಬಿಮಾ ನಗರದಿಂದ ಸ್ಕೂಟರಿನಲ್ಲಿ ಹತ್ತೇ ನಿಮಿಷದ ದಾರಿ ನನಗೆ. ಸಿಂಧನೂರು ಕಡೆಯ ಈ ಹೆಂಗಸು ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಯಿಂದ ಎರಡು ಬಸ್ಸು ಹತ್ತಿಳಿದು ನನಗಿಂತ ಮೊದಲೇ ಬಂದಿರುತ್ತಿದ್ದಳು. ಬಂದವಳು ಸುಮ್ಮನಿರಬೇಕಲ್ಲ, "ಇವತ್ತೂ ತಡ ಆತಲ್ರಿ ಮೇಡಮ್" ಎಂದು ನನ್ನನ್ನೇ ಚುಚ್ಚುತ್ತಿದ್ದಳು.

ಅತಿಥಿಗೃಹವಿದ್ದ, ಹಳೇ ವಿಮಾನ ನಿಲ್ದಾಣದ ರಸ್ತೆಯ ಕ್ಯಾಂಪಸ್ಸಿನಲ್ಲಿ ಗಗನಯಾತ್ರಿಗಳಿಗೆ ತರಬೇತಿ ನಡೆಯುತ್ತಿತ್ತು. ಎಂಟು ತಿಂಗಳು ಬಾಹ್ಯಾಕಾಶ ನಿಲ್ದಾಣದಲ್ಲಿರಲು ಆಯ್ಕೆಯಾಗಿದ್ದವರು ವಿಶ್ರುತ್. ಆರು ವರ್ಷ ಬೆವರು ಸುರಿಸಿದ್ದರು. ವಯಸ್ಸು ನಲವತ್ತೇಳು, ಇದು ತಪ್ಪಿದರೆ ಇನ್ನೊಂದು ಸರದಿ ಇಲ್ಲವೆಂದು ಪಾತ್ರೆ ತೊಳೆಯುವವರಿಗೂ ಗೊತ್ತಿತ್ತು. ಅವರಿಗೇನಾದರೂ ಆದರೆ ಹೋಗಲೆಂದು ಸುನೀಲ್ ಎಂಬ ಇನ್ನೊಬ್ಬರು ಸಿದ್ಧರಿದ್ದರು.

ಹೊರಡುವ ಮುನ್ನ ಎರಡು ವಾರ ಇಬ್ಬರನ್ನೂ ಬೇರೆ ಬೇರೆಯಾಗಿ ಇರಿಸುತ್ತಾರೆ. ಒಂದು ನೆಗಡಿಯೂ ತಗಲಬಾರದು. ಹತ್ತು ದಿನ ನಮ್ಮಲ್ಲಿ, ಉಳಿದ ದಿನ ರಾಕೆಟ್ ಹಾರುವ ದೇಶದಲ್ಲಿ. ಹೆಂಡತಿಯಾದರೂ ಗಾಜಿನಾಚೆ ನಿಂತು ಫೋನಿನಲ್ಲೇ ಮಾತಾಡಬೇಕು. ಊಟ ಗೋಡೆಯ ಕಿಂಡಿಯಿಂದ. ಶೇಷಮ್ಮನಿಗೆ ಇದು ಸುತರಾಂ ಹಿಡಿಸಲಿಲ್ಲ.

"ಅಷ್ಟು ದೂರ ಹೋಗೋರನ್ನ ಹಿಂಗ ಕಳಿಸ್ತಾರೇನ್ರಿ? ಕೈಯಾರ ಮೊಸರು-ಸಕ್ರಿ ಕೊಟ್ಟು ಕಳಿಸಬೇಕು. ಹೋದ ಕೆಲಸ ಆಗ್ತದ, ಮನಿಗೆ ತಿರುಗಿ ಬರ್ತಾರ."

"ನಿನ್ನ ಶಾಸ್ತ್ರ ನಿನ್ನ ಮನೇಲಿಟ್ಕೋ" ಎಂದಿದ್ದೆ.

ವಿಶ್ರುತ್ ವಿಮಾನ ಹತ್ತುವ ಬೆಳಿಗ್ಗೆ ಅವಳ ಮೂಗು ಕಟ್ಟಿತ್ತು. ನಿಯಮದಂತೆ ನಾನು ಅವಳನ್ನು ಮನೆಗೆ ಕಳಿಸಬೇಕಿತ್ತು. ಅಡುಗೆಯವರಲ್ಲಿ ಇಬ್ಬರು ರಜೆ ಹಾಕಿದ್ದರು, ನನಗೆ ಕೈ ಸಾಲದಾಗಿತ್ತು. "ಹಿಂದಿನ ಕೋಣೇಲಿ ತರಕಾರಿ ಹೆಚ್ಕೊಂಡಿರು, ಈ ಕಡೆ ಬರ್ಬೇಡ" ಎಂದು ಗದರಿಸಿ ಸುಮ್ಮನಾದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಆಮೇಲೆ ನಡೆದದ್ದನ್ನು ಅವಳೇ ನನಗೆ ಹೇಳಿದಳು. ವಿಶ್ರುತ್ ಹಿಂಬಾಗಿಲಿನಿಂದ ಕಾರಿನತ್ತ ಹೊರಟಾಗ ಇವಳು ಬಟ್ಟಲು ಹಿಡಿದು ಅಡ್ಡ ನಿಂತಳಂತೆ. ಅವರು ಮಾಸ್ಕ್ ಇಳಿಸಿ ಬಾಯಿ ತೆರೆದರಂತೆ. ಇವಳು ಒಂದು ಚಮಚ ತಿನ್ನಿಸಿ, ಕೆನ್ನೆ ಸವರಿ, ನೆಟಿಗೆ ಮುರಿದು ಕಳಿಸಿದಳಂತೆ.

ಮೂರನೇ ದಿನ ಅವರಿಗೆ ಜ್ವರ ಬಂತು. ರಾಕೆಟ್ ಸುನೀಲ್ ಅವರನ್ನು ಹೊತ್ತು ಹಾರಿತು. ಹತ್ತಿರ ಯಾರು ಬಂದಿದ್ದರೆಂದು ವೈದ್ಯರು ಎಷ್ಟು ಕೇಳಿದರೂ ವಿಶ್ರುತ್ "ಯಾರೂ ಇಲ್ಲ" ಎಂದರು. "ನನ್ನಿಂದ ಆತ್ರಿ ಮೇಡಮ್" ಎಂದು ಶೇಷಮ್ಮ ನನ್ನೆದುರು ಅತ್ತಳು. ಬಾಯಿ ಮುಚ್ಚಿಕೊಂಡಿರು ಎಂದೆ. ಅವಳ ಕೆಲಸ ಉಳಿಯಲೆಂದು ಹಾಗೆಂದೆ ಎಂದು ಆಗ ನಂಬಿದ್ದೆ. ನಿಜಕ್ಕೂ ನನಗೆ ನನ್ನದೇ ಭಯ.

ಎಂಟು ತಿಂಗಳು ಅವಳು ನನಗೆ ಒಂದೇ ಒಂದು ಎದುರುಮಾತು ಆಡಲಿಲ್ಲ. ಉಪ್ಪು ಹೆಚ್ಚಾಯಿತೆಂದು ಬೇಕೆಂದೇ ಕೆಣಕಿದರೂ "ಹೌದ್ರಿ" ಎನ್ನುತ್ತಿದ್ದಳು. ಅವಳ ಜಗಳ ಬೇಕೆಂದು ನನಗೆ ನಿಜವಾಗಿ ಅನ್ನಿಸಿತ್ತು.

ಸುನೀಲ್ ಮರಳಿ ಬಂದರು. ಕ್ಯಾಂಪಸ್ಸಿನಲ್ಲಿ ಹಾರ, ಚಪ್ಪಾಳೆ. ಕಾಲು ಇನ್ನೂ ನೆಲಕ್ಕೆ ಒಗ್ಗಿರಲಿಲ್ಲ. ಅವರ ತೋಳು ಹಿಡಿದು ನಡೆಸಿದವರು ವಿಶ್ರುತ್. ಮಧ್ಯಾಹ್ನ ವಿಶ್ರುತ್ ಒಬ್ಬರೇ ಕುಳಿತಿದ್ದಾಗ ಶೇಷಮ್ಮ ಒಳಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ.

"ಸಾಹೇಬ್ರ, ಅವತ್ತು ನನಗ ನೆಗಡಿ ಇತ್ರಿ. ಆ ಜ್ವರ ನಾ ಕೊಟ್ಟಿದ್ದು. ಹೊಟ್ಟ್ಯಾಗ ಹಾಕ್ಕೋರಿ."

"ಗೊತ್ತಿತ್ತು ಶೇಷಮ್ಮ. ಬಟ್ಟಲು ಹಿಡ್ಕೊಂಡೇ ಸೀನಿದ್ರಲ್ಲ."

"ಮತ್ಯಾಕ ಬಾಯಿ ತೆಗದ್ರಿ?"

"ಹತ್ತು ದಿನದಿಂದ ಯಾರೂ ನನ್ನ ಮುಟ್ಟಿರಲಿಲ್ಲ. ನೀವು ಅಷ್ಟು ಪ್ರೀತಿಯಿಂದ ಬಂದ್ರಿ, ಬೇಡ ಅನ್ನೋಕಾಗ್ಲಿಲ್ಲ." ಆಮೇಲೆ ಅಂದರು, "ಬೇಡ ಅನ್ಬೇಕಿತ್ತು. ದಿನಾ ಅಂದ್ಕೋತೀನಿ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮರುವಾರ ಲೆಕ್ಕ ಮುಗಿಸಿಕೊಂಡು ಸಿಂಧನೂರಿಗೆ ಹೊರಟುಹೋದಳು. ಅವಳನ್ನು ಆ ಬೆಳಿಗ್ಗೆ ಮನೆಗೆ ಕಳಿಸದೆ ಇರಿಸಿಕೊಂಡವಳು ನಾನೆಂದು, ಆ ಮಧ್ಯಾಹ್ನ ಬಾಗಿಲು ದಾಟಿ ಒಳಗೆ ಹೋಗಿ ವಿಶ್ರುತ್ ಅವರಿಗೆ ಹೇಳಲು ನನಗೆ ನಾಲ್ಕೇ ಹೆಜ್ಜೆ ಇತ್ತು. ನಾನು ಹೋಗಲಿಲ್ಲ.