ತಾಂಬೂಲದ ಜೊತೆ ಹೋದ ಹುಳು

ಕಳೆದ ಭಾನುವಾರ ಬೆಳಿಗ್ಗೆ ಒಂದು ದಾಸವಾಳದ ಗಿಡವನ್ನು ಬುಡಸಮೇತ ಕಿತ್ತು, ತುಂಡು ಮಾಡಿ, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದೆವು. ಗಿಡ ಪಕ್ಕದ ಮನೆಯ ಗಿರಿಜಕ್ಕನದು. ಅದನ್ನು ಕೊಂದ ಹುಳು ನನ್ನದು.

ಹುಳುವಿಗೂ ಓನರ್ ಇರುತ್ತಾರಾ ಅಂತ ಕೇಳಬೇಡಿ. ಈ ಹುಳುವಿಗೆ ಇದ್ದಾರೆ. ನಾನೇ ಕಾರಿನಲ್ಲಿ ಕೂರಿಸಿಕೊಂಡು ಬಂದು, ಎಲೆ ಅಡಿಕೆಯ ಪಕ್ಕದಲ್ಲಿಟ್ಟು, ನಗುನಗುತ್ತಾ ಕೈಗೆ ಕೊಟ್ಟಿದ್ದೆ.

ಬನಶಂಕರಿಯ ನಮ್ಮ ರಸ್ತೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ಸಂಜೆ ಹೆಂಗಸರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅವರ ಮನೆಗೆ ನಾವು, ನಮ್ಮ ಮನೆಗೆ ಅವರು. ಹೋದಲ್ಲೆಲ್ಲ ತಾಂಬೂಲ, ಅದರ ಜೊತೆಗೊಂದು ಸ್ಟೀಲ್ ಬಟ್ಟಲೋ ಪ್ಲಾಸ್ಟಿಕ್ ಡಬ್ಬಿಯೋ. (ನಮ್ಮ ಅಟ್ಟದ ಮೇಲೆ ಅಂಥ ಡಬ್ಬಿಗಳದ್ದೇ ಒಂದು ದೊಡ್ಡ ಸಂಸಾರವಿದೆ. ಒಂದಕ್ಕೂ ಅದರದೇ ಮುಚ್ಚಳ ಸಿಗುವುದಿಲ್ಲ.) ಈ ಸಲ ನನಗೆ ಜ್ಞಾನೋದಯವಾಯಿತು. ಡಬ್ಬಿ ಯಾಕೆ? ಗಿಡ ಕೊಡೋಣ! ಇಕೋ ಫ್ರೆಂಡ್ಲಿ!

ತಲಘಟ್ಟಪುರದ ಕಡೆಯ ಒಂದು ನರ್ಸರಿಗೆ ಹೋಗಿ ಕುಳ್ಳನೆಯ ಹೈಬ್ರಿಡ್ ದಾಸವಾಳದ ಸಸಿಗಳನ್ನು ಡಿಕ್ಕಿ ತುಂಬ ತಂದೆ. ಕೆಲವು ಎಲೆಗಳ ಅಡಿಯಲ್ಲಿ, ತೊಟ್ಟಿನ ಸಂದಿಯಲ್ಲಿ ಹತ್ತಿ ಅಂಟಿಕೊಂಡಂತೆ ಬೆಳ್ಳಗಿತ್ತು. ಧೂಳೋ ಗೊಬ್ಬರವೋ ಇರಬೇಕು ಅಂದುಕೊಂಡೆ. ಬೆರಳಿನಿಂದ ಒರೆಸಿ ನೋಡಿದ್ದರೂ ಸಾಕಿತ್ತು. ನಾನು ಕುಂಡಗಳಿಗೆ ಸೆಣಬಿನ ಬಟ್ಟೆ ಸುತ್ತಿ ರಿಬ್ಬನ್ ಕಟ್ಟುವುದರಲ್ಲಿ ಬಿಜಿಯಾಗಿದ್ದೆ. ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿದೆ. ಎಲ್ಲರೂ ಹೊಗಳಿದರು. ಹೊಗಳಿಸಿಕೊಳ್ಳುವುದು ಯಾರಿಗೆ ಬೇಡ?

ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಕಸದ ಗಾಡಿ ಬಂತು. ನನ್ನ ಚೀಲ ಹಾಕಲು ಹೋಗಿ ನೋಡುತ್ತೇನೆ, ಹಸಿ ಕಸದ ಮೇಲೆ ನನ್ನದೇ ದಾಸವಾಳದ ಸಸಿ ಮಲಗಿದೆ. ರಿಬ್ಬನ್ ಕೂಡ ಬಿಚ್ಚಿಲ್ಲ! ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಆಗಷ್ಟೇ ಹಾಕಿಹೋಗಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮುಂದೊಂದು ದಿನ ಆ ಹುಡುಗಿ ಗೇಟಿನ ಹತ್ತಿರ ನಿಂತು, "ಆಂಟಿ, ಆ ಗಿಡದ ವಿಷಯ..." ಅಂತ ಬಾಯಿ ತೆರೆದಳು. "ಪರವಾಗಿಲ್ಲ ಬಿಡಮ್ಮ," ಅಂದೆ. ಆ ಮಾತನ್ನು ಮುಖದ ಮೇಲೆ ಬಾಗಿಲು ಹಾಕಿದಂತೆ ಹೇಳುವ ಕಲೆ ನಮ್ಮ ವಯಸ್ಸಿನ ಹೆಂಗಸರಿಗೆ ಚೆನ್ನಾಗಿ ಬರುತ್ತದೆ. ಹುಡುಗಿ ಸುಮ್ಮನೆ ಮೆಟ್ಟಿಲು ಹತ್ತಿಹೋದಳು.

ಅಷ್ಟಕ್ಕೇ ಬಿಟ್ಟೆನೇ? ನೇರ ಗಿರಿಜಕ್ಕನ ಮನೆಗೆ ಹೋದೆ. "ತಾಂಬೂಲದಲ್ಲಿ ಕೊಟ್ಟಿದ್ದನ್ನ ಯಾರಾದ್ರೂ ಕಸಕ್ಕೆ ಹಾಕ್ತಾರಾ ಗಿರಿಜಕ್ಕ? ಓದಿ ಏನ್ ಬಂತು? ಒಂದು ಚೂರೂ ಸಂಸ್ಕಾರ ಬೇಡ್ವಾ?" ಅಂತ ಕಾಫಿ ಆರುವವರೆಗೂ ಬೈದೆ. ಗಿರಿಜಕ್ಕ ಹೂಂಗುಟ್ಟುತ್ತಾ ಕೂತಿದ್ದರು. ಮರುದಿನ ನಾನು ಕೊಟ್ಟ ಸಸಿ ಅವರ ಗೇಟಿನ ಪಕ್ಕ ಕಾಣಿಸಿತು. ನಮ್ಮ ಬಾಲ್ಕನಿಗೆ ಸರಿಯಾಗಿ ಕಾಣುವಂತೆ, ಅವರ ಬಿಳಿ ದಾಸವಾಳದ ಬುಡದಲ್ಲೇ ಇಟ್ಟಿದ್ದರು. ನೋಡಿ, ಸಂಸ್ಕಾರ ಅಂದರೆ ಇದು ಅಂತ ನಾನು ಬೀಗಿದೆ.

ಆ ಬಿಳಿ ದಾಸವಾಳದ ಬಗ್ಗೆ ಹೇಳಲೇಬೇಕು. ಕಾಂಪೌಂಡಿಗಿಂತ ಎತ್ತರ ಬೆಳೆದಿತ್ತು. ಗಿರಿಜಕ್ಕ ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡುವವರು, ಪೂಜೆಗೆ ಅದರದೇ ಹೂವು ಆಗಬೇಕು. ಹೂವು ಬಿಡಿಸುವ ಕೆಲಸ ಅವರ ಯಜಮಾನರಾದ ನಾಗರಾಜಪ್ಪನವರದು. ಸ್ಟ್ರೋಕ್ ಆದಾಗಿನಿಂದ ಅವರ ಬಲಗೈಯಲ್ಲಿ ಶಕ್ತಿಯಿಲ್ಲ. ಫಿಸಿಯೋಥೆರಪಿಯವರು ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಬೇಕೆಂದೇ ಸೋಫಾದ ಕೆಳಗೆ ಉರುಳಿಸಿಬಿಡುತ್ತಿದ್ದರಂತೆ. ಹೂವು ತನ್ನಿ ಅಂದರೆ ಮಾತ್ರ ಎದ್ದು ಬರುತ್ತಿದ್ದರು. ನಿಧಾನವಾಗಿ ಆ ಕೈ ಎತ್ತುವುದು, ಬೆರಳು ಕೂಡಿಸುವುದು, ತೊಟ್ಟು ಮುರಿದು ಬುಟ್ಟಿಗೆ ಹಾಕುವುದು. ಮೊದಮೊದಲು ಎಸಳು ಹರಿದು ಕೈಗೆ ಬರುತ್ತಿತ್ತು. ಆಮೇಲೆ ಇಡೀ ಹೂವೇ ಬರತೊಡಗಿತು. ಹಾಲು ತರಲು ಹೋಗುವಾಗ ನಾನು ನಿಂತು ನೋಡಿದರೆ ಬುಟ್ಟಿಯನ್ನು ನನ್ನ ಕಡೆ ವಾಲಿಸಿ ತೋರಿಸುತ್ತಿದ್ದರು.

ಮಳೆ ನಿಂತು ಬಿಸಿಲು ಬಂದಾಗ ಆ ಗಿಡದ ಕುಡಿಗಳು ಮುದುಡಿದವು. ಮೊಗ್ಗು ಅರಳದೆ ಉದುರಿತು. ಎಲೆಯ ಮೇಲೆ ಅಂಟು, ಅಂಟಿನ ಮೇಲೆ ಮಸಿ ಬಳಿದಂತೆ ಕಪ್ಪು. ಕಾಂಡದ ಮೇಲೆ ಇರುವೆಗಳು ಹತ್ತುವುದೇನು, ಇಳಿಯುವುದೇನು! ಎಲ್ಲ ಇರುವೆಯ ಕಾಟ ಅಂತ ನಾನು ತೀರ್ಮಾನಿಸಿದೆ, ಗಿರಿಜಕ್ಕ ಹೂಂ ಅಂದರು. ಗಿರಿಜಕ್ಕ ಅರಿಶಿನ ಹಾಕಿದರು, ಬೂದಿ ಎರಚಿದರು. ನಾನು ಇರುವೆ ಸೀಮೆಸುಣ್ಣದಿಂದ ಬುಡದ ಸುತ್ತ ಗೆರೆ ಎಳೆದೆ.

ಅಷ್ಟರಲ್ಲಿ ಕುಡಿಗಳ ಸಂದಿಯಲ್ಲಿ ಮುತ್ತಿದ್ದ ಸಣ್ಣ ಬಿಳಿ ಹುಳುಗಳು ಕಣ್ಣಿಗೆ ಬಿದ್ದವು, ಅವುಗಳ ನಡುವೆ ಕೆಲವು ದೊಡ್ಡವು. ಮೈತುಂಬ ಬಿಳಿ ಎಳೆಗಳು, ಚುರುಕಾಗಿ ಓಡಾಡುತ್ತಿದ್ದವು. "ಇವೇ ಕಣ್ರೀ ತಾಯಿ ಹುಳ!" ಅಂತ ಕೂಗಿ, ಪೇಪರಿನಲ್ಲಿ ಹಿಡಿದು ಒಂದೊಂದಾಗಿ ಹೊಸಕಿ ಹಾಕಿದೆ. ಆಮೇಲೂ ಕಡಿಮೆಯಾಗದಿದ್ದಾಗ ಸಿಂಕಿನ ಕೆಳಗಿಂದ ಜಿರಳೆ ಸ್ಪ್ರೇ ತಂದು ಹೊಡೆದೆ. ಎಲೆಗಳು ಸುಟ್ಟುಹೋದವು. ಹುಳು ಹಾಗೇ ಇತ್ತು.

ಕೊನೆಗೆ ನನ್ನ ಕಾಲೇಜು ಗೆಳತಿ ಸುಮಾಗೆ ಫೋಟೊ ಕಳಿಸಿದೆ. ಅವಳು ಓದಿದ್ದೂ ಪಾಠ ಮಾಡುವುದೂ ತೋಟಗಾರಿಕೆಯನ್ನೇ. (ಮೊದಲೇ ಯಾಕೆ ಕೇಳಲಿಲ್ಲ? ಗೂಗಲ್ ಇತ್ತಲ್ಲ!) ತಕ್ಷಣ ಫೋನ್ ಮಾಡಿದಳು.

"ಇದು ಹಿಟ್ಟು ತಿಗಣೆ ಕಣೇ. ಗಿಡದ ರಸ ಹೀರತ್ತೆ. ಮೈಮೇಲೆ ಮೇಣದಂಥ ಪುಡಿ ಇರತ್ತೆ, ಸ್ಪ್ರೇ ಅಷ್ಟು ಸುಲಭವಾಗಿ ಒಳಗೆ ಇಳಿಯಲ್ಲ. ಅದು ಸುರಿಸೋ ಸಿಹಿ ಅಂಟಿಗೆ ಇರುವೆ ಬರೋದು. ಇರುವೆ ಅದನ್ನ ಕಾಯ್ತವೆ, ಬೇರೆ ಕೊಂಬೆಗೂ ಹೊತ್ಕೊಂಡು ಹೋಗ್ತವೆ."

ನಾನು ದೊಡ್ಡ ಬಿಳಿ ಹುಳುಗಳನ್ನು ಹೊಸಕಿದ ಪರಾಕ್ರಮ ಹೇಳಿದೆ.

"ಅಯ್ಯೋ, ಅವು ಗುಲಗಂಜಿ ಹುಳದ, ಅದೇ ಲೇಡಿಬಗ್ ಅಂತಾರಲ್ಲ, ಅದರ ಮರಿಗಳು ಇದ್ದಿರ್ಬೇಕು. ನೋಡೋಕೆ ಹಿಟ್ಟು ತಿಗಣೆ ಥರಾನೇ ಇರ್ತವೆ. ತಿಗಣೆ ತಿನ್ನೋಕೇ ಬಂದಿದ್ವು. ಯಾಕೆ ಸಾಯಿಸ್ದೆ?"

ಸಹಾಯಕ್ಕೆ ಬಂದವರನ್ನೇ ಹುಡುಕಿ ಹುಡುಕಿ ಕೊಂದಿದ್ದೆ.

ಶುರುವಿನಲ್ಲಿ ನೋಡಿದ್ದರೆ ಇದು ಕೈಯಲ್ಲೇ ಮುಗಿಯುವ ಕೆಲಸವಾಗಿತ್ತಂತೆ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸುವುದು, ಪೈಪಿನಿಂದ ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸುವುದು. ಹುಳು ಮುತ್ತಿದ ಕುಡಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಬಿಸಾಡಬೇಕು, ಕಾಂಪೋಸ್ಟಿಗೆ ಹಾಕಬಾರದು. ಸಂಜೆ ಹೊತ್ತು ಬೇವಿನ ಎಣ್ಣೆಗೆ ಎರಡು ತೊಟ್ಟು ಸೋಪು ಬೆರೆಸಿ ನೀರಿನೊಂದಿಗೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಎಲ್ಲಕ್ಕಿಂತ ಮೊದಲು, ಹೊಸದಾಗಿ ಬಂದ ಗಿಡ ಯಾವುದೇ ಇರಲಿ, ಕೆಲವು ವಾರ ಬೇರೆ ಮೂಲೆಯಲ್ಲಿಟ್ಟು ಎಲೆ ತಿರುಗಿಸಿ ನೋಡುತ್ತಿರಬೇಕು. ಇಷ್ಟೇ. ನಮ್ಮ ವಿಷಯದಲ್ಲಿ ಹೊತ್ತು ಮೀರಿತ್ತು. ಸುಮಾ ಬಂದು ಬುಡ ಕೆದಕಿ ನೋಡಿದಳು. ಒಣಗಿದ ಗಿಡ ಇನ್ನು ಚಿಗುರುವುದಿಲ್ಲ, ಬಿಟ್ಟರೆ ರಸ್ತೆಯ ಉಳಿದ ಗಿಡಗಳಿಗೂ ಹತ್ತುತ್ತದೆ, ತೆಗೆದುಬಿಡಿ ಅಂದಳು.

ಹಾಗಾಗಿ ಭಾನುವಾರ ತೆಗೆದೆವು. ಅದರ ಬುಡದಲ್ಲಿದ್ದ ನನ್ನ ಸಸಿಯನ್ನೂ. ಎತ್ತಿಕೊಂಡು ಎಲೆ ತಿರುಗಿಸಿದರೆ ತೊಟ್ಟಿನ ಸಂದಿಯಲ್ಲೆಲ್ಲ ಅದೇ ಬಿಳಿ ಹತ್ತಿ. ನರ್ಸರಿಯಲ್ಲಿ ನಾನು ಧೂಳು ಅಂದುಕೊಂಡಿದ್ದು.

"ಗಿರಿಜಕ್ಕ, ಇದು ನಾನು ಕೊಟ್ಟ ಗಿಡದಿಂದಲೇ ಬಂದಿದ್ದು," ಅಂದೆ.

ಗಿರಿಜಕ್ಕ ಚೀಲದ ಬಾಯಿ ಹಿಡಿದುಕೊಂಡೇ, "ಗೊತ್ತಿತ್ತು ಕಣಮ್ಮ," ಅಂದರು. "ನೀನು ಕೊಟ್ಟ ದಿನಾನೇ ನೋಡಿದ್ದೆ, ಎಲೆ ಕೆಳಗೆ ಬೆಳ್ಳಗೆ ಇತ್ತು. ಅದಕ್ಕೇ ಹಿತ್ತಲಲ್ಲಿ ಬಟ್ಟೆ ಒಗಿಯೋ ಕಲ್ಲಿನ ಹತ್ರ ಇಟ್ಟಿದ್ದೆ. ಕಸಕ್ಕೆ ಹಾಕೋಣ ಅಂತಾನೇ ಇದ್ದೆ."

"ಮತ್ತೆ ಯಾಕೆ ಹಾಕ್ಲಿಲ್ಲ?"

"ನೀನು ಬಂದು ಆ ಹುಡುಗೀನ ಅಷ್ಟೊಂದು ಬೈದೆ. ಆಮೇಲೆ ನಾನು ಹೇಗೆ ಹಾಕ್ಲಿ? ಮುಂದೆ ಕಾಣೋ ಹಾಗಿಟ್ರೆ ನಿನಗೂ ಸಮಾಧಾನ ಆಗತ್ತೆ ಅಂತ ತಂದಿಟ್ಟೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ. ಗಿರಿಜಕ್ಕ ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಅಳಬೇಡ ಸುಮ್ನಿರು, ಗಿಡ ತಾನೇ," ಅಂತ ನನ್ನನ್ನೇ ಸಮಾಧಾನ ಮಾಡಿದರು. ಗಿಡ ತಾನೇ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಒಳಗೆ ನಾಗರಾಜಪ್ಪನವರು ಟಿವಿ ಮುಂದೆ ಕೂತಿದ್ದರು, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಈಗ ಪೂಜೆಗೆ ತಳ್ಳುಗಾಡಿಯ ಹೂವು ಬರುತ್ತದೆ. ಅದನ್ನು ಯಾರೂ ಬಿಡಿಸಬೇಕಿಲ್ಲ.

ಎದುರು ಮನೆಯ ಹುಡುಗಿಗೆ ಮೊನ್ನೆ ಸಾರಿ ಹೇಳಿದೆ. ಅವಳ ಮನೆಯಲ್ಲೂ ಗುಲಾಬಿ ಕುಂಡಗಳಿವೆಯಂತೆ, ಹುಳು ನೋಡಿ ಹೆದರಿ ಎಸೆದಳಂತೆ. "ಅವತ್ತು ಅದನ್ನೇ ಹೇಳೋಕೆ ಬಂದಿದ್ದೆ ಆಂಟಿ, ಎಲ್ಲರಿಗೂ ಕೊಟ್ಟಿದ್ದೀರಲ್ಲ, ಚೆಕ್ ಮಾಡಿ ಅಂತ," ಅಂದಳು. ಅವಳಿಗೆ ಅರ್ಧ ನಿಮಿಷ ಕಿವಿ ಕೊಟ್ಟಿದ್ದರೆ ಆ ಗಿಡ ಇವತ್ತೂ ಹೂವು ಬಿಡುತ್ತಿತ್ತು. ನಮ್ಮ ಮರ್ಯಾದೆಯ ಭಯಕ್ಕೆ ಎಷ್ಟು ಮನೆಗಳಲ್ಲಿ ಎಷ್ಟು ಜನ ಹೀಗೆ ಬಾಯಿ ಮುಚ್ಚಿಕೊಂಡಿರುತ್ತಾರೋ!

ಒಳ್ಳೆಯ ಬಿಳಿ ದಾಸವಾಳದ ಗಿಡ ಒಂದನ್ನು ಹುಡುಕುತ್ತಿದ್ದೇನೆ. ಸುಮಾ ಪರೀಕ್ಷಿಸಿ ಕೊಡುತ್ತೇನೆ ಅಂದಿದ್ದಾಳೆ. ಆದರೂ ಗಿರಿಜಕ್ಕನ ಗೇಟು ತೆರೆಯಲು ಧೈರ್ಯ ಸಾಲುತ್ತಿಲ್ಲ.

ನಾನು ಏನೇ ಕೊಟ್ಟರೂ ಅವರು ಬೇಡ ಅನ್ನುವುದಿಲ್ಲವಲ್ಲ, ಅದೇ ಭಯ.