ಮನೆಯಲ್ಲಿ ಏನಂತೀರಿ?

ದೆಹಲಿಯ ಆ ಶ್ವಾಸಕೋಶದ ಡಾಕ್ಟರು ರೋಗಿಯ ಮನೆಯವರನ್ನು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಘರ್ ಮೇ ಕ್ಯಾ ಬೋಲ್ತೇ ಹೈಂ?" ಮನೆಯಲ್ಲಿ, ಅಂದರೆ ನಿಮ್ಮ ಮನೆಮಾತಿನಲ್ಲಿ, ಇದಕ್ಕೆ ಏನಂತೀರಿ ಎಂದು.

ಅಮ್ಮನ ಎಕ್ಸ್‌ರೇಯಲ್ಲಿ ಗಂಟಿನಂಥ ನೆರಳು ಕಂಡಿತ್ತು. ಮೆಟ್ರೋ ಆಗಷ್ಟೇ ಬಂದಿದ್ದ ಪೀತಮ್‌ಪುರದಲ್ಲಿ ನಮ್ಮ ನೆರೆಹೊರೆಯವರು ಕ್ಯಾನ್ಸರೇ ಎಂದು ತೀರ್ಮಾನಿಸಿ, ದನಿ ತಗ್ಗಿಸಿ ಸಮಾಧಾನ ಹೇಳುವುದನ್ನೂ ಶುರುಮಾಡಿದ್ದರು. ಬಾಯಿಯಿಂದ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಅದರೊಳಗಿಂದ ಸೂಜಿ ಚುಚ್ಚಿ ಮಾದರಿ ತೆಗೆಯಬೇಕಿತ್ತು. ಆಗ ಕೆಮ್ಮಿದರೆ ಸೂಜಿಯ ಗುರಿ ತಪ್ಪುತ್ತದೆ. ಅಮ್ಮನಿಗೋ ತರಕಾರಿ ಭಯ್ಯಾನ ಜೊತೆ ಚೌಕಾಸಿ ಮಾಡುವಷ್ಟೇ ಹಿಂದಿ. ಡಾಕ್ಟರು ನನ್ನಿಂದ ಎರಡು ಮಾತು ಕಲಿತು, ಗ್ಲೌಸ್ ಏರಿಸುತ್ತಾ ಬಾಯಿಪಾಠ ಮಾಡಿದರು. ಬಾಗಿಲಾಚೆ ನಿಂತಿದ್ದ ನನಗೆ ಕೇಳಿಸುತ್ತಿತ್ತು: "ಕೆಮ್ಮಬೇಡಿ ಅಮ್ಮಾ. ಆಯ್ತು ಅಮ್ಮಾ, ಆಯ್ತು."

ಅಮ್ಮ ಕೆಮ್ಮಲಿಲ್ಲ.

ರಿಪೋರ್ಟು ಬಂದ ದಿನ ಅವರು ಕನ್ನಡಕ ತೆಗೆದಿಟ್ಟು ಅಮ್ಮನನ್ನು ನೋಡಿದರು. ಆಮೇಲೆ ನನ್ನತ್ತ ತಿರುಗಿದರು. "'ಠೀಕ್ ಹೋ ಜಾಯೇಗಾ', ಘರ್ ಮೇ ಕ್ಯಾ ಬೋಲ್ತೇ ಹೈಂ?"

ಕ್ಯಾನ್ಸರಲ್ಲ, ಟಿ.ಬಿ. ಎಂಬುದನ್ನು ಅವರು ವಿವರಿಸಿದ್ದು ಆಮೇಲೆ. ನನಗೆ ಆ ಪ್ರಶ್ನೆಯಲ್ಲೇ ಗೊತ್ತಾಗಿತ್ತು. "ವಾಸಿಯಾಗುತ್ತೆ" ಎಂದು ಹೇಳಿಕೊಡುವುದನ್ನೂ ಮರೆತು ನಾನು ಅಮ್ಮನ ಕೈ ಹಿಡಿದುಕೊಂಡೆ.

ಹೊರಗೆ ಅಷ್ಟು ಜನ ಕಾಯುತ್ತಿದ್ದರು. ಆದರೂ ಅಮ್ಮನಿಗೆ ಅದನ್ನು ಕನ್ನಡದಲ್ಲೇ ಹೇಳಬೇಕೆಂದು ಅವರು ನನಗಾಗಿ ಕಾದರು.